ಚಿಲ್ಲರೆಯೂ ಭರಣಿಯೂ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ನಮ್ಮಂಥವರ ಮನೆಗಳಲ್ಲಿ ಗಾದೆಯ ಮಟ್ಟ ದಾಟಿ ಧರ್ಮದ ಮಟ್ಟಕ್ಕೆ ಏರಿ ಎಷ್ಟೋ ಕಾಲವಾಯಿತು. ಮದುವೆಯಲ್ಲಿ ಬಂದ ಒಳ್ಳೆಯ ಸೀರೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಟ್ರಂಕಿನ ತಳದಲ್ಲಿ ಮಲಗಿರುತ್ತದೆ. ನೆಂಟರು ಬಂದಾಗ ಬೇಕಾದೀತೆಂದು ತಂದ ಪಿಂಗಾಣಿ ಬಟ್ಟಲುಗಳು ಕಪಾಟಿನ ಗಾಜಿನ ಹಿಂದಿನಿಂದ ನೆಂಟರನ್ನು ನೋಡುತ್ತಿರುತ್ತವೆ. ಬಂದವರು ಅಷ್ಟು ದೊಡ್ಡ ನೆಂಟರಲ್ಲವೆಂದು ತೀರ್ಮಾನವಾಗಿ ಚಹ ಸ್ಟೀಲಿನ ಲೋಟದಲ್ಲೇ ಬರುತ್ತದೆ. ಇದನ್ನು ಹಾಸ್ಯಕ್ಕೆ ಹೇಳುತ್ತಿದ್ದೇನೆಯೇ ಹೊರತು ಹೀಯಾಳಿಸುತ್ತಿಲ್ಲ. ಈ ಜಾಗರೂಕತೆಯಿಂದಲೇ ಮಕ್ಕಳ ಫೀಜು ಕಟ್ಟಿದ್ದೇವೆ, ಔಷಧದ ಅಂಗಡಿಯ ಬಾಕಿ ತೀರಿಸಿದ್ದೇವೆ, ಯಾರ ಎದುರಿಗೂ ತಲೆ ತಗ್ಗಿಸದೆ ಬೀದಿಯಲ್ಲಿ ನಡೆದಿದ್ದೇವೆ. ತೊಡಕು ಎಲ್ಲಿ ಬರುತ್ತದೆಂದರೆ, ಈ ಗುಣ ಚಪ್ಪಲಿಯಂತೆ ಬಾಗಿಲಲ್ಲಿ ಕಳಚಿಟ್ಟು ಹೋಗುವಂಥದಲ್ಲ. ದೇವರ ಮುಂದೆ ನಿಂತಾಗಲೂ ನಮ್ಮ ಜೊತೆಗೇ ನಿಂತಿರುತ್ತದೆ.

ಭಾನುವಾರ ನಮ್ಮ ದೇವಾಲಯದಲ್ಲಿ ಕಾಣಿಕೆಯ ಚೀಲ ಸಾಲಿನಿಂದ ಸಾಲಿಗೆ ಬರುವಾಗ ಒಂದು ಕೀರ್ತನೆ ಹಾಡುವುದುಂಟು. ಅದರ ಮೊದಲನೆಯ ಚರಣದಲ್ಲಿ ಸಭೆಯ ಧ್ವನಿ ತುಸು ಕುಗ್ಗುತ್ತದೆ. ಎಲ್ಲರ ಬಲಗೈಯೂ ಜೇಬಿನಲ್ಲೋ ವ್ಯಾನಿಟಿ ಬ್ಯಾಗಿನಲ್ಲೋ ಇರುತ್ತದೆ. ಹತ್ತರ ನೋಟು ಯಾವುದು, ನೂರರದು ಯಾವುದು ಎಂಬುದನ್ನು ನೋಡದೆಯೇ ತಿಳಿಯುವ ವಿದ್ಯೆ ಬೆರಳ ತುದಿಗೆ ಬಂದುಬಿಟ್ಟಿದೆ. ಗುಡಿಗೆ ಹೋಗುವ ಸ್ನೇಹಿತರನ್ನು ಕೇಳಿದೆ; ಮಂಗಳಾರತಿಯ ತಟ್ಟೆ ಬರುವಾಗ ಅಲ್ಲಿಯೂ ಚಿಲ್ಲರೆಯ ಹುಡುಕಾಟ ಹೀಗೆಯೇ ನಡೆಯುತ್ತದಂತೆ. ಇದೊಂದು ವಿಷಯದಲ್ಲಿ ಸರ್ವಧರ್ಮ ಸಮನ್ವಯವನ್ನು ಯಾರೂ ಬೋಧಿಸಬೇಕಾಗಿಲ್ಲ. ಈಚೆಗೆ ಬಾಗಿಲ ಬಳಿ ಮೊಬೈಲಿನಿಂದ ಕಾಣಿಕೆ ಸಲ್ಲಿಸುವುದಕ್ಕೆ ಒಂದು ಕ್ಯೂಆರ್ ಚೌಕವನ್ನೂ ಅಂಟಿಸಿದ್ದೇವೆ. ಅನುಕೂಲವೇನೋ ಹೌದು. ಆದರೆ ಮೊದಲು ಅವಸರದಲ್ಲಿ ಹತ್ತರ ಬದಲು ನೂರು ಬೀಳುವ ಸಂಭವವಾದರೂ ಇತ್ತು. ಈಗ ದೇವರಿಗೆ ಆ ವರಮಾನವೂ ತಪ್ಪಿತು.

ನಾನು ಈ ಸಭೆಯ ಖಜಾಂಚಿ. ಆದ್ದರಿಂದ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗೆ ಸ್ವಲ್ಪ ಹೆಚ್ಚು ಇದೆಯೋ, ಕಡಮೆ ಇದೆಯೋ ಓದುಗರೇ ಹೇಳಬೇಕು.

ಹಣದ ಮಾತು ಒತ್ತಟ್ಟಿಗಿರಲಿ. ಹಾಡುವಾಗಲೂ ನಾವು ಬಾಯನ್ನು ಅರ್ಧ ಮಾತ್ರ ತೆರೆಯುತ್ತೇವೆ. ಪ್ರಾರ್ಥನೆಯಲ್ಲಿ ಯಾರಾದರೂ ಗಟ್ಟಿಯಾಗಿ ಅತ್ತರೆ ಹಿಂದಿನ ಸಾಲಿನವರು ಕೆಮ್ಮುತ್ತಾರೆ. ದಾವೀದ ಅರಸನು ದೇವರ ಮಂಜೂಷವನ್ನು ಪಟ್ಟಣಕ್ಕೆ ತರುವಾಗ ನಾರಿನ ಒಂದು ತುಂಡು ವಸ್ತ್ರ ಸುತ್ತಿಕೊಂಡು ಬೀದಿಯಲ್ಲಿ ಕುಣಿದನಂತೆ. ರಾಣಿ ಮೀಕಲಳು ಕಿಟಕಿಯಿಂದ ಅದನ್ನು ಕಂಡು ಮನಸ್ಸಿನಲ್ಲೇ ಛೀ ಎಂದಳಂತೆ. ಪ್ರಸಂಗದಲ್ಲಿ ಈ ಕಥೆ ಬಂದಾಗ ನಾವೆಲ್ಲ ದಾವೀದನ ಕಡೆಗೆ ತಲೆದೂಗುತ್ತೇವೆ. ಕುಳಿತಿರುವುದು ಮಾತ್ರ ಕಿಟಕಿಯ ಬಳಿಯಲ್ಲಿ.

ಇದಕ್ಕೊಂದು ಇತಿಹಾಸವೂ ಉಂಟು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ, ನಮ್ಮ ಧಾರವಾಡಕ್ಕೆ ೧೮೩೭ರಲ್ಲಿ. ಅವರಲ್ಲಿ ಅನೇಕರು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಭಕ್ತಿ ಗಾಢವಾದದ್ದು, ಕೈ ಬಿಗಿಯಾದದ್ದು. ಹಾಳೆ ಹರಿಯದಂತೆ ಬರೆದ ಲೆಕ್ಕ, ಗಡಿಯಾರಕ್ಕೆ ಸರಿಯಾದ ಆರಾಧನೆ, ನಾಲ್ಕು ಸ್ವರಗಳಲ್ಲಿ ತೂಗಿದಂತೆ ಹಾಡುವ ಗೀತಗಳು. ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದು ಜಾತಿ ಮನೆ ಎರಡನ್ನೂ ಕಳೆದುಕೊಂಡು ಬಂದವರಿಗೆ ಅನ್ನದ ದಾರಿ ತೋರಿಸಿದವರೂ ಅವರೇ. ಅವರ ಶಿಸ್ತಿನಿಂದ ನಮ್ಮ ಅಜ್ಜಂದಿರು ಬದುಕಿದರು; ಆ ಋಣವನ್ನು ನಾನು ಮರೆತಿಲ್ಲ. ಆದರೆ ಕನ್ನಡದ ಮಧ್ಯಮ ವರ್ಗದ ಜಿಪುಣತನಕ್ಕೆ ವ್ಯುರ್ಟೆಂಬರ್ಗಿನ ಮಿತವ್ಯಯ ಸೇರಿದರೆ ಹುಟ್ಟುವ ಕೂಸು ಎಂಥದಾಗಿರಬಹುದು, ಊಹಿಸಿಕೊಳ್ಳಿ.

ವರ್ಷಕ್ಕೆ ಒಂದು ದಿನ ಮಾತ್ರ ಈ ಕೂಸಿಗೆ ಹುಚ್ಚು ಹಿಡಿಯುತ್ತದೆ. ಅದು ಸುಗ್ಗಿಯ ಕೃತಜ್ಞತೆಯ ಹಬ್ಬದ ದಿನ. ಆ ಬೆಳಿಗ್ಗೆ ದೇವಾಲಯದ ಮುಂಭಾಗ ಸಂತೆಯಂತಾಗುತ್ತದೆ. ಜೋಳದ ದಂಟು, ಕುಂಬಳಕಾಯಿ, ಬಾಳೆಗೊನೆ, ಬುಟ್ಟಿಯಲ್ಲಿ ಕಾಲು ಕಟ್ಟಿದ ಹುಂಜ, ಹೊಲ ಕಾಣದ ನಮ್ಮಂಥ ಪಟ್ಟಣದವರು ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣ, ಯಾರದೋ ಮನೆಯ ಶೇಂಗಾ ಹೋಳಿಗೆ. ಆರಾಧನೆ ಮುಗಿದ ಮೇಲೆ ಹೊರಗಿನ ಚಪ್ಪರದಲ್ಲಿ ಸವಾಲು. ಒಂದು ತೆಂಗಿನಕಾಯಿ ಐವತ್ತಕ್ಕೆ ಆರಂಭವಾಗಿ ಐನೂರಕ್ಕೆ ನಿಲ್ಲುತ್ತದೆ. ಕೊಂಡವನು ಅದನ್ನು ಎತ್ತಿ ತಿರುಗಿ ಮೇಜಿನ ಮೇಲಿಡುತ್ತಾನೆ. ಅದೇ ಕಾಯಿ ಮತ್ತೆ ಎಂಟುನೂರಕ್ಕೆ ಹೋಗುತ್ತದೆ. ಮೂರು ಸಲ ಮಾರಾಟವಾದ ಹುಂಜ ಸ್ವಂತ ಬೆಲೆಯನ್ನು ಕೇಳಿ ತಾನೇ ಬೆರಗಾದಂತೆ ಕೂಗುತ್ತದೆ. ಇಡೀ ವರ್ಷ ತರಕಾರಿಯವಳೊಡನೆ ಎರಡು ರೂಪಾಯಿಗೆ ವಾದಿಸುವ ನಿವೃತ್ತ ಗುಮಾಸ್ತರೊಬ್ಬರು ಒಂದು ಹೀರೇಕಾಯಿಗೆ ಮುನ್ನೂರು ಕೂಗಿ, ಕರ್ಚೀಫಿನಿಂದ ಬೆವರು ಒರೆಸಿಕೊಂಡು ನಗುವುದನ್ನು ನೋಡಬೇಕು. ಇದರಲ್ಲಿ ಪೈಪೋಟಿ ಇಲ್ಲವೇ, ಎದುರುಮನೆಯವರು ನೋಡಲೆಂಬ ಆಸೆ ಇಲ್ಲವೇ ಎಂದರೆ ಧಾರಾಳವಾಗಿ ಇದೆ. ಇರಲಿ ಬಿಡಿ. ಹೀರೇಕಾಯಿಯ ನಿಜವಾದ ಬೆಲೆ ಎಷ್ಟೆಂದು ಯಾರೂ ಕೇಳದ ಎರಡು ಗಂಟೆ ವರ್ಷದಲ್ಲಿ ನಮಗೆ ಇನ್ನೆಲ್ಲಿ ಸಿಕ್ಕುತ್ತದೆ? ಸಂಜೆ ಹಣ ಎಣಿಸುವಾಗ ನನಗೆ ಎಣಿಕೆಯ ಸಂತೋಷಕ್ಕಿಂತ ಬೇರೆಯದೊಂದು ಸಂತೋಷವಾಗುತ್ತದೆ.

ಆದರೂ ಅದು ಹಬ್ಬದ ಹುಚ್ಚು. ಮಾರನೆಯ ದಿನ ಇಳಿದುಹೋಗುತ್ತದೆ. ಇಳಿಯದ ಹುಚ್ಚಿನ ಕಥೆಯೊಂದು ಸುವಾರ್ತೆಗಳಲ್ಲಿದೆ.

ಪಸ್ಕ ಹಬ್ಬಕ್ಕೆ ಕೆಲವೇ ದಿನ ಉಳಿದಿತ್ತು. ಯೆರೂಸಲೇಮಿನ ಹತ್ತಿರ ಬೇಥಾನ್ಯವೆಂಬ ಹಳ್ಳಿಯಲ್ಲಿ ಯೇಸು ಊಟಕ್ಕೆ ಕುಳಿತಿದ್ದಾಗ ಹೆಂಗಸೊಬ್ಬಳು ಸುಗಂಧತೈಲದ ಭರಣಿ ಹಿಡಿದು ಒಳಗೆ ಬಂದಳು. ಮಾರ್ಕನು ಹೇಳುವಂತೆ ಭರಣಿಯನ್ನು ಒಡೆದೇ ಬಿಟ್ಟಳು. ತೈಲವನ್ನೆಲ್ಲ ಆತನ ತಲೆಯ ಮೇಲೆ ಸುರಿದಳು. ಯೋಹಾನನ ಪ್ರಕಾರ ಅವಳು ಲಾಜರನ ತಂಗಿ ಮರಿಯಳು. ಪಾದಕ್ಕೆ ಹಚ್ಚಿ ತಲೆಗೂದಲಿನಿಂದ ಒರೆಸಿದಳು. ಮನೆಯೆಲ್ಲ ಪರಿಮಳದಿಂದ ತುಂಬಿತು. ತೈಲ ಯಾವುದೆಂದರೆ ಜಟಾಮಾಂಸಿ.

ಈ ಹೆಸರು ಓದಿದಾಗಲೆಲ್ಲ ನನಗೆ ಪಕ್ಕದ ಮನೆಯವರ ಸುದ್ದಿ ಪತ್ರಿಕೆಯಲ್ಲಿ ಬಂದಂತೆ ಅನಿಸುತ್ತದೆ. ಜಟಾಮಾಂಸಿ ಹಿಮಾಲಯದ ಗಿಡ. ೩,೦೦೦ ಮೀಟರಿಗಿಂತ ಎತ್ತರದ ಇಳಿಜಾರಿನಲ್ಲಿ ಬೆಳೆಯುತ್ತದೆ. ಕೂದಲಿನಂಥ ನಾರು ಸುತ್ತಿಕೊಂಡ ಅದರ ಬೇರನ್ನು ನಮ್ಮ ಅಜ್ಜಿಯರು ತಲೆಗೆ ಹಚ್ಚುವ ಎಣ್ಣೆಗೆ ಹಾಕಿ ಕಾಯಿಸುತ್ತಿದ್ದರು. ನಾರುಬೇರು ಮಾರುವ ಅಂಗಡಿಯಿಂದ ಒಂದು ಸಲ ಸ್ವಲ್ಪ ತಂದು ಮೂಸಿ ನೋಡಿದೆ. ಮಲ್ಲಿಗೆಯ ಸುಖ ಅದರಲ್ಲಿಲ್ಲ. ಮಳೆ ಬಿದ್ದ ಕಾಡಿನ ನೆಲ, ಹಳೆಯ ಮರದ ಪೆಟ್ಟಿಗೆ, ಇವೆರಡರ ನಡುವಿನ ಗಂಭೀರವಾದ ವಾಸನೆ. ಆ ಕಾಲದಲ್ಲಿ ಇದು ಬೆಟ್ಟ ಇಳಿದು, ಗಂಗೆಯ ಬಯಲು ದಾಟಿ, ಮಲಬಾರದ ಮುಜಿರಿಸ್ ಬಂದರಿನಿಂದ ಹಡಗು ಹತ್ತುತ್ತಿತ್ತು. ಅಂಥ ಒಂದು ಹಡಗಿನ ಸರಕಿನ ಲೆಕ್ಕವಿರುವ ಎರಡನೆಯ ಶತಮಾನದ ಪಪೈರಸ್ ಹಾಳೆ ವಿಯೆನ್ನಾದಲ್ಲಿದೆ. ಹಡಗಿನ ಹೆಸರು ಹರ್ಮಪೊಲ್ಲೋನ್. ಸರಕಿನಲ್ಲಿ ಗಂಗಾತೀರದ ಜಟಾಮಾಂಸಿಯ ೬೦ ಪೆಟ್ಟಿಗೆಗಳು. ಇಷ್ಟು ಕೈ ದಾಟಿ, ಇಷ್ಟು ಸುಂಕ ತೆತ್ತು ಬೇಥಾನ್ಯ ಮುಟ್ಟುವ ಹೊತ್ತಿಗೆ ಅದರ ಬೆಲೆ ಏರದೆ ಇರುತ್ತದೆಯೇ?

ಬೆಲೆಯನ್ನು ಸುವಾರ್ತೆಯವರೇ ಹೇಳಿದ್ದಾರೆ: ೩೦೦ ದಿನಾರಿ. ದಿನಾರಿಯೆಂದರೆ ದ್ರಾಕ್ಷಿತೋಟದ ಕೂಲಿಯವನ ಒಂದು ದಿನದ ಸಂಬಳ. ಸಬ್ಬತ್ತುಗಳನ್ನು ಕಳೆದರೆ ಹೆಚ್ಚು ಕಡಮೆ ಒಂದು ವರ್ಷದ ದುಡಿಮೆ. ಖಜಾಂಚಿಯ ಚಪಲದಿಂದ ಇನ್ನೂ ಒಂದು ಲೆಕ್ಕ ಹಾಕಿದೆ. ಐದು ಸಾವಿರ ಗಂಡಸರ ಗುಂಪಿಗೆ ೨೦೦ ದಿನಾರಿಯ ರೊಟ್ಟಿ ತಂದರೂ ತಲೆಗೊಂದು ಚೂರು ಸಾಲದೆಂದು ಶಿಷ್ಯ ಫಿಲಿಪ್ಪನು ಒಮ್ಮೆ ಅಂದಾಜು ಕೊಟ್ಟಿದ್ದ. ಸಾಲದೆಂದೇ ಇಟ್ಟುಕೊಳ್ಳೋಣ, ೩೦೦ ದಿನಾರಿಗೆ ಎಷ್ಟು ಸಾವಿರ ಜನರ ಕೈಗೆ ರೊಟ್ಟಿ ಬರುತ್ತಿತ್ತು ನೋಡಿ. ಇದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲ ಎಂದು ಗೊಣಗಿದವರ ವಾದ ದಡ್ಡ ವಾದವೇನೂ ಅಲ್ಲ. ಯಾವ ಸಮಿತಿಯಲ್ಲಿಟ್ಟರೂ ಅದು ಬಹುಮತದಿಂದ ಪಾಸಾಗುತ್ತಿತ್ತು.

ಗೊಣಗಿದವರು ಯಾರು? ಯೋಹಾನನು ಇಸ್ಕರಿಯೋತ ಯೂದನೆಂದು ಹೆಸರಿಟ್ಟು ಹೇಳುತ್ತಾನೆ. ಹಣದ ಚೀಲ ಅವನ ಕೈಯಲ್ಲಿತ್ತು, ಅದರಿಂದ ಕದಿಯುತ್ತಿದ್ದ ಎಂದೂ ಸೇರಿಸುತ್ತಾನೆ. ಮಾರ್ಕನು ಕೆಲವರೆನ್ನುತ್ತಾನೆ. ಮತ್ತಾಯನು ಶಿಷ್ಯರೆಂದುಬಿಡುತ್ತಾನೆ. ನನಗೆ ಮತ್ತಾಯನ ಮಾತೇ ಹೆಚ್ಚು ಸಹಜವಾಗಿ ಕಾಣುತ್ತದೆ. ಯೂದನೊಬ್ಬನ ತಲೆಗೆ ಕಟ್ಟಿದರೆ ನಾವೆಲ್ಲ ಪಾರಾದೆವು. ಒಳ್ಳೆಯವರು ಹನ್ನೊಂದು ಮಂದಿಯೂ ಅದೇ ಮಾತು ಆಡಿದ್ದರೆ ವಿಷಯ ಬೇರೆ.

ಬಡವರು ಯಾವಾಗಲೂ ನಿಮ್ಮೊಡನೆ ಇರುತ್ತಾರೆ, ನಾನು ಇರುವುದಿಲ್ಲ ಎಂಬ ಅರ್ಥ ಬರುವಂತೆ ಯೇಸು ಉತ್ತರ ಕೊಟ್ಟ. ಈ ಮಾತನ್ನು ಬಡವರಿಗೆ ಕೊಡದಿರುವುದಕ್ಕೆ ನೆಪ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಅವರು ಮೂಲವನ್ನು ಓದಿದವರಲ್ಲ. ಧರ್ಮೋಪದೇಶಕಾಂಡದ ೧೫ನೆಯ ಅಧ್ಯಾಯದಲ್ಲಿ, ದೇಶದಲ್ಲಿ ಬಡವರು ಇದ್ದೇ ಇರುತ್ತಾರೆ ಎಂಬ ಮಾತಿಗೆ ಅಂಟಿಕೊಂಡೇ, ಆದಕಾರಣ ಅವರಿಗೆ ಕೈ ಬಿಚ್ಚಿ ಕೊಡಬೇಕು ಎಂಬ ಆಜ್ಞೆ ಇದೆ. ಅಲ್ಲಿ ಕುಳಿತಿದ್ದವರಿಗೆ ಅದು ಬಾಯಿಪಾಠವಾಗಿದ್ದಿರಬೇಕು. ಭರಣಿಗೂ ಬಡವರಿಗೂ ಜಗಳ ಹಚ್ಚಿದವರು ಗೊಣಗಿದವರು. ಬಿಚ್ಚಿದ ಕೈ ಎರಡಕ್ಕೂ ಒಂದೇ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೊಂದಿದೆ. ಯೇಸುವಿಗೆಂದು ಆ ವಾರ ತಂದ ಸುಗಂಧ ಅದೊಂದೇ ಅಲ್ಲ. ರಾತ್ರಿ ಹೊತ್ತು ಗುಟ್ಟಾಗಿ ಬಂದು ಭೇಟಿಯಾಗಿದ್ದ ನಿಕೊದೇಮನೆಂಬ ದೊಡ್ಡ ಮನುಷ್ಯ, ಶಿಲುಬೆಯಿಂದ ಇಳಿಸಿದ ದೇಹಕ್ಕೆ ರಕ್ತಬೋಳ ಅಗರು ಕಲಸಿದ್ದನ್ನು ತಂದ. ತೂಕ ನೂರು ರಾತ್ಲು, ನಮ್ಮ ಲೆಕ್ಕದಲ್ಲಿ ಸುಮಾರು ೩೩ ಕಿಲೊ. ಬದುಕಿರುವಾಗ ಕತ್ತಲೆ ನೋಡಿಕೊಂಡು ಬಂದವನ ಧಾರಾಳ ಸತ್ತ ಮೇಲೆ ಹಗಲಿಗೆ ಬಂತು. ಭಾನುವಾರ ನಸುಕಿನಲ್ಲಿ ಕೆಲವು ಹೆಂಗಸರೂ ಪರಿಮಳದ್ರವ್ಯ ಹಿಡಿದು ಸಮಾಧಿಗೆ ಹೋದರು. ಹಚ್ಚುವುದಕ್ಕೆ ದೇಹವೇ ಅಲ್ಲಿರಲಿಲ್ಲ. ಅಷ್ಟು ಸುಗಂಧದಲ್ಲಿ ಆತನು ಬದುಕಿದ್ದು, ಮೂಗಿನಿಂದ ಮೂಸಿ, ಸಂತೋಷಪಟ್ಟದ್ದು ದಂಡವಾಯಿತೆಂದು ಎಲ್ಲರೂ ಗೊಣಗಿದ ಆ ಒಂದು ಭರಣಿಯದು ಮಾತ್ರ. ಮತ್ತಾಯನೂ ಮಾರ್ಕನೂ ಯೂದನು ಎದ್ದು ಯಾಜಕರ ಬಳಿಗೆ ಹೋದದ್ದನ್ನು ಈ ಊಟದ ಕಥೆಯ ಬೆನ್ನಿಗೇ ಹೇಳುತ್ತಾರೆ. ಅವನಿಗೆ ಸಿಕ್ಕ ಮೂವತ್ತು ಬೆಳ್ಳಿ ನಾಣ್ಯ, ಒಂದಕ್ಕೆ ನಾಲ್ಕು ದಿನಾರಿಯಂತೆ ಹಿಡಿದರೆ, ೧೨೦ ದಿನಾರಿಯಾಯಿತು. ಭರಣಿಯ ಬೆಲೆಯ ಅರ್ಧಕ್ಕೂ ಬರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಒಂದು ಅಪಾಯದ ಮಾತು ಹೇಳಿದಂತಾಗುತ್ತದೆ. ಭರಣಿ ಒಡೆಯಿರೆಂದು ಇನ್ನೊಬ್ಬರಿಗೆ ಹೇಳುವ ಕಸುಬಿನವರು ಇದ್ದಾರೆ. ಕೊಟ್ಟರೆ ನೂರ್ಮಡಿ ಬರುತ್ತದೆಂದು ಧ್ವನಿವರ್ಧಕದಲ್ಲಿ ಸಾರಿ ಬಡ ಹೆಂಗಸರ ಕೊರಳಿನ ಎಳೆಯನ್ನು ಬಿಚ್ಚಿಸುವ ಬೋಧಕರು ಅವರು. ನೂರ್ಮಡಿಯ ಆಸೆಯಿಂದ ಕೊಟ್ಟದ್ದು ಠೇವಣಿ, ಅದಕ್ಕೆ ಬ್ಯಾಂಕುಗಳಿವೆ. ಎರಡು ಕಾಸು ಹಾಕಿದ ವಿಧವೆಯ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ಸ್ವಲ್ಪ ಮೊದಲು, ಉದ್ದವಾದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಬೈದದ್ದಿದೆ. ಬೈಗುಳ ಮುಗಿದು ಕಣ್ಣೆತ್ತಿ ನೋಡಿದರೆ ಎದುರಿಗೇ ಒಬ್ಬ ವಿಧವೆ, ಇದ್ದಬದ್ದದ್ದನ್ನೆಲ್ಲ ಪೆಟ್ಟಿಗೆಗೆ ಹಾಕುತ್ತಿದ್ದಾಳೆ. ಆತನು ಮೆಚ್ಚಿದ್ದು ನಿಜ. ಆ ಮೆಚ್ಚುಗೆಯಲ್ಲಿ ಒಂದು ಸಂಕಟವೂ ಇತ್ತೆಂದು ನನಗೆ ತೋರುತ್ತದೆ. ಭರಣಿ ಒಡೆದವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಆ ಮನೆಯಲ್ಲಿ ಪರಿಮಳ ತುಂಬುತ್ತಿರಲಿಲ್ಲ.

ನಮ್ಮ ಸಭೆಯಲ್ಲಿಯೂ ಯಾರೂ ಕೇಳಿರಲಿಲ್ಲ. ದೇವಾಲಯದ ಗಂಟೆ ಸೀಳಿತ್ತು. ಗಂಟೆಯ ಕಂಚಿನಲ್ಲಿ ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಇರುತ್ತದೆ. ನಾದ ಕೊಡುವುದೂ ಆ ತವರವೇ, ಒಡೆಯುವಷ್ಟು ಗಡುಸು ಮಾಡುವುದೂ ಅದೇ. ಸೀಳಿದ ಮೇಲೆ ಬೆಸುಗೆಯಿಂದ ಹಳೆಯ ನಾದ ಬರುವುದು ಕಷ್ಟ. ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು. ತಪೇಲಿ ಬಡಿದಂಥ ಸದ್ದಿಗೆ ನಾವು ಒಗ್ಗಿಹೋಗಿದ್ದೆವು. ಎಲ್ಲರ ಕೈಯಲ್ಲೂ ಗಡಿಯಾರವಿರುವಾಗ ಗಂಟೆ ಯಾಕೆಂದು ಸಮಿತಿಯಲ್ಲಿ ಮಾತೂ ಆಗಿತ್ತು. ಹೀಗಿರುವಾಗ ಒಂದು ಭಾನುವಾರ ಕಾಣಿಕೆಯ ಚೀಲದಲ್ಲಿ ಕರ್ಚೀಫಿನಲ್ಲಿ ಕಟ್ಟಿದ ಒಂದು ಜೊತೆ ಬಂಗಾರದ ಬಿಲ್ವಾರ ಸಿಕ್ಕಿತು. ಜೊತೆಗೆ ಶಾಲೆಯ ಮಕ್ಕಳಿಗೆ ಮೇಲ್ಪಂಕ್ತಿ ಬರೆದು ಪಳಗಿದ ದುಂಡು ಅಕ್ಷರದಲ್ಲಿ ಒಂದು ಚೀಟಿ: ಗಂಟೆಗೆ.

ಅಕ್ಷರದಿಂದಲೇ ಆಳು ಸಿಕ್ಕಿತು. ನಿವೃತ್ತ ಕನ್ನಡ ಶಾಲೆಯ ಅಕ್ಕೋರು. ನನಗೆ ಅ ಆ ಇ ಈ ತಿದ್ದಿಸಿದವರೇ. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ, ಸಣ್ಣ ಪೆನ್ಶನ್ನು, ಬಾಡಿಗೆಯ ಎರಡು ಕೋಣೆ. ಸಮಿತಿಯಲ್ಲಿ ಒಬ್ಬರು, ಇದರಿಂದ ಎಷ್ಟು ಬಡ ಹುಡುಗರ ಫೀಜು ಕಟ್ಟಬಹುದಾಗಿತ್ತು ಎಂದರು. ಇನ್ನೊಬ್ಬರು, ಮುದುಕಿಯ ಕಡೆಗಾಲದ ಗಂಟು, ಹಿಂದಕ್ಕೆ ಕೊಡುವುದೇ ಧರ್ಮ ಎಂದರು. ಎರಡೂ ಒಳ್ಳೆಯ ಮಾತುಗಳೇ. ಕೊನೆಗೆ ಅಯ್ಯನವರೂ ನಾನೂ ಅವರ ಮನೆಗೆ ಹೋಗುವುದೆಂದು ಠರಾವಾಯಿತು.

“ಕೂಡ್ರಿ ಅಯ್ಯನವರ,” ಎಂದು ಚಾಪೆ ಹಾಸಿ, ನನ್ನ ಕಡೆ ತಿರುಗಿ, “ಏನೋ ತಮ್ಮಾ, ರಸೀದಿ ತಂದೀಯೇನು?” ಎಂದರು.

“ರಸೀದಿ ಆಮ್ಯಾಲೆ ಅಕ್ಕೋರ. ನಾಳೆ ನಿಮಗ ಜಡ್ಡು ಬಂತಂದ್ರ ಕೈಯಾಗ ಏನರ ಇರಬೇಕಲ್ರೀ. ಸಮಿತಿಯವರು ಅದನ್ನ ಕೇಳ್ಯಾರ.”

“ಇರಬೇಕು, ಖರೆ. ಅದಕ್ಕ ಮೂವತ್ತು ವರ್ಷ ಇಟ್ಕೊಂಡಿದ್ದೆ. ದಿನಾ ರಾತ್ರಿ ತಲಿದಿಂಬಿನ ಬುಡಕ ಕೈ ಹಾಕಿ ಅದಾವೋ ಇಲ್ಲೋ ನೋಡಿ ಮಲಗೀನಿ. ಇನ್ನ ಸಾಕಾತು.”

ಅಯ್ಯನವರು, ಗಂಟೆಗೇ ಯಾಕೆಂದು ಮೆಲ್ಲಗೆ ಕೇಳಿದರು.

“ನಲವತ್ತು ವರ್ಷ ಸಾಲಿ ಗಂಟಿ ಬಡಿಸೀನ್ರೀ. ಹುಡುಗರು ಮನಿಗೆ ಹೋಗ್ಲಿಕ್ಕೆ ಓಡತಿದ್ವು. ಕರೀಲಿಕ್ಕೆ ಒಂದು ಗಂಟಿ ಬೇಕನಿಸ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಾ, ನಾ ಜಡ್ಡಿಗೆ ಬಿದ್ರ ನೀವು ಯಾರೂ ಬರಾಂಗಿಲ್ಲೇನು?” ಎಂದರು.

“ಬರ್ತೇವ್ರೀ ಅಕ್ಕೋರ,” ಎಂದರು ಅಯ್ಯನವರು.

“ಮತ್ತ?”

ಅದಕ್ಕೆ ಉತ್ತರವಿರಲಿಲ್ಲ. ಚಹ ಕುಡಿದು, ರಸೀದಿ ಬರೆದುಕೊಟ್ಟು ಬಂದೆವು. ಅವರು ಕೊಟ್ಟ ಬಿಲ್ವಾರಕ್ಕೆ ತೂಕವಿತ್ತು, ದರವಿತ್ತು, ಪುಸ್ತಕದಲ್ಲಿ ಜಮಾ ಮಾಡಿದೆ. ಆ “ಮತ್ತ” ಎಂಬುದನ್ನು ಯಾವ ಕಲಮಿನಲ್ಲಿ ಬರೆಯುವುದು? ಒಬ್ಬರು ಎಚ್ಚರಿಕೆಯನ್ನು ಬಿಟ್ಟುಕೊಟ್ಟರೆ ಅದು ಗಾಳಿಯಲ್ಲಿ ಹೋಗುವುದಿಲ್ಲ, ಪಕ್ಕದವರ ಹೆಗಲಿಗೆ ಬರುತ್ತದೆ. ಅವರು ದೇವರಿಗೆ ಕೊಟ್ಟರು. ಸಾಲ ಬಿದ್ದದ್ದು ನಮ್ಮ ಮೇಲೆ. ಪಡೆದುಕೊಳ್ಳುವ ಸಭೆಗೆ ಆ ಸಾಲ ಹೊರುವ ಮನಸ್ಸಿಲ್ಲದಿದ್ದರೆ ಬಿಲ್ವಾರ ಹಿಂದಿರುಗಿಸುವುದೇ ಪ್ರಾಮಾಣಿಕತೆಯಾಗುತ್ತಿತ್ತು.

ಗಂಟೆ ಬಂತು. ನಾದ ಚೆನ್ನಾಗಿದೆ, ಭಾನುವಾರ ಎದುರಿನ ಕಿರಾಣಿ ಅಂಗಡಿಯವನು ಅದು ಬಡಿದಾಗ ತೂಕದ ಕಲ್ಲು ಹಿಡಿದವನು ಹಾಗೇ ಒಂದು ಗಳಿಗೆ ನಿಲ್ಲುತ್ತಾನೆ. ಎರಡು ವರ್ಷದ ಮೇಲೆ ಅಕ್ಕೋರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಊಟಕ್ಕೆ ಹೆಂಗಸರು ವಾರದ ಸರದಿ ಹಾಕಿಕೊಂಡರು. ಗುರುವಾರದ ಸರದಿ ಆಗಾಗ ತಪ್ಪುತ್ತದೆ. ಆ ದಿನ ನನ್ನ ಹೆಂಡತಿ ಸಾರು ಮಾಡಿ ಡಬ್ಬಿ ಕಟ್ಟಿಕೊಡುತ್ತಾಳೆ. ಬಿಸಿ ಆರಿದ್ದರೆ ಅಕ್ಕೋರು ಇವತ್ತಿಗೂ ಗದರುತ್ತಾರೆ.

ಆಸ್ಪತ್ರೆಯ ಬಿಲ್ಲು, ಔಷಧ, ರಾತ್ರಿ ಮಲಗುವ ಆಯಾಳ ಪಗಾರ, ಇವನ್ನೆಲ್ಲ ಸಭೆಯ ಹಣದಿಂದ ಕೊಡುತ್ತಿದ್ದೇವೆ. ದೀನರ ನಿಧಿಗೆ ಹಾಕಿದರೆ ಅವರಿಗೆ ಸಿಟ್ಟು ಬಂದೀತು, ಅವರು ದೀನರಲ್ಲ. ಹಾಗಾಗಿ ಗಂಟೆಯ ಖಾತೆಯಲ್ಲಿ ಬರೆಯುತ್ತ ಬಂದಿದ್ದೇನೆ. ಹೋದ ವರ್ಷ ಲೆಕ್ಕ ತಪಾಸಣೆಗೆ ಬಂದವರು ಪುಟದ ಮೇಲೆ ಬೆರಳಿಟ್ಟು, ಗಂಟೆ ಬಂದು ಇಷ್ಟು ದಿನವಾಯಿತಲ್ಲ, ಇನ್ನೂ ಖರ್ಚು ಬೀಳುತ್ತಿದೆ, ಏನಿದು ಎಂದು ಕೇಳಿದರು.

ಅದರ ಹಣ ಇನ್ನೂ ಪೂರ್ತಿ ಸಂದಾಯವಾಗಿಲ್ಲ ಎಂದೆ. ಅವರು ಪೆನ್ಸಿಲಿನಿಂದ ಒಂದು ಗುರುತು ಹಾಕಿ ಪುಟ ತಿರುವಿದರು.